ಎರಡು ಬೆರಳಿನ ಅಗಲ

“ಗುರುಗಳೇ, ನೀರು ಸೇದುವವರಿಗೆ ಸಂಜೆ ಪಾಠ ಹೇಳುವುದನ್ನು ಇಂದಿನಿಂದ ನಿಲ್ಲಿಸಲೇ?” ಎಂದು ಶಿಷ್ಯ ಕೇಳಿದ. “ಅವರಿಗೆ ಮಠದಲ್ಲಿ ಅನ್ನ ಬಟ್ಟೆಗೆ ಕೊರತೆಯಿಲ್ಲ. ಆ ಹೊತ್ತು ಉಳಿದರೆ ನನ್ನ ಓದು ಬೇಗ ಮುಗಿಯುತ್ತದೆ.”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನ ಹಿತ್ತಿಲಲ್ಲಿ ಒಂದೇ ಒಂದು ಚಕ್ಕೋತದ ಮರವಿತ್ತು. ಪ್ರತಿವರ್ಷ ಅವನು ಅದರ ಒಂದು ಕೊಂಬೆಯ ತೊಗಟೆಯನ್ನು ಬಳೆಯಂತೆ ಸುತ್ತಲೂ ಸುಲಿಯುತ್ತಿದ್ದ. ಎಲೆಗಳು ಮಾಡಿದ ಸಕ್ಕರೆ ತೊಗಟೆಯ ದಾರಿಯಲ್ಲೇ ಬೇರಿಗೆ ಇಳಿಯಬೇಕು. ದಾರಿ ಕಡಿದರೆ ಅದು ಮೇಲೆಯೇ ಉಳಿದು ಹಣ್ಣಿಗೆ ಸೇರುತ್ತದೆ. ಆ ಕೊಂಬೆಯ ಹಣ್ಣು ಜೇನಿನಂತಿರುತ್ತಿತ್ತು.

ಒಬ್ಬ ವ್ಯಾಪಾರಿ ಬಂದು ತಿಂದು ನೋಡಿದ. “ಒಂದು ಕೊಂಬೆಗೋಸ್ಕರ ಗಾಡಿ ಹೂಡಲೇ? ಮರವೆಲ್ಲ ಹೀಗಿದ್ದರೆ ಹೇಳಿಕಳಿಸು” ಎಂದು ಹೊರಟುಹೋದ.

ರೈತ ಚಾಕು ಹಿಡಿದು ಮರದ ಬುಡದಲ್ಲಿ ಕುಳಿತ. ಹೆಂಡತಿ ಓಡಿಬಂದು ಅವನ ಕೈ ಹಿಡಿದಳು.

“ಬೇಡ, ನಿಮ್ಮ ಕಾಲಿಗೆ ಬೀಳುತ್ತೇನೆ. ಒಂದು ಕೊಂಬೆ ಸುಲಿದಾಗ ಉಳಿದವು ಬೇರಿಗೆ ಉಣ್ಣಿಸುತ್ತಿದ್ದವು. ಕಾಂಡವನ್ನೇ ಸುಲಿದರೆ ಯಾರು ಉಣ್ಣಿಸುತ್ತಾರೆ?”

“ದಿನಾ ಹತ್ತು ಕೊಡ ನೀರು ಹೊಯ್ಯುತ್ತೇನಲ್ಲ. ಇನ್ನೇನು, ಬೇರಿಗೆ ಹೋಳಿಗೆ ಬಡಿಸಬೇಕೇ?” ಎಂದು ಅವನು ನಕ್ಕ. ಎರಡು ಬೆರಳಿನ ಅಗಲಕ್ಕೆ ಕಾಂಡದ ಸುತ್ತ ತೊಗಟೆ ಸುಲಿದ.

ಆ ವರ್ಷ ಇಡೀ ಮರ ಜೇನಾಯಿತು. ವ್ಯಾಪಾರಿ ಗಾಡಿ ತುಂಬಿಕೊಂಡು ಹೋದ. ರೈತ ಕೊನೆಯ ಹಣ್ಣನ್ನು ಹೆಂಡತಿಯ ಮುಂದಿಟ್ಟು, “ತಿನ್ನು, ನಿನ್ನ ಬೇರೇ ಇದನ್ನು ಕಳಿಸಿಕೊಟ್ಟಿದೆ” ಎಂದು ಹಂಗಿಸಿದ.

ಮರುವರ್ಷ ಚಿಗುರು ಬಂತು, ಬೆಳೆಯಲಿಲ್ಲ. ಎಲೆ ಹಳದಿಯಾಯಿತು. ರೈತ ಹೆದರಿ ಇಪ್ಪತ್ತು ಕೊಡ ಹೊಯ್ದ. ಪಾತಿಯ ಮಣ್ಣು ದಿನಗಟ್ಟಲೆ ಒದ್ದೆಯಾಗಿಯೇ ಉಳಿಯಿತು, ಮರ ಕುಡಿಯುತ್ತಿರಲಿಲ್ಲ. ಹೆಂಡತಿ ಬುಡ ಕೆದಕಿದಳು. ಎಳೆಬೇರುಗಳು ಕಪ್ಪಾಗಿ ಕೈಗೆ ಕಿತ್ತುಬಂದವು. ಒಂದು ದಪ್ಪ ಬೇರಿನಲ್ಲಿ ಮಾತ್ರ ಇನ್ನೂ ಹಸಿಯಿತ್ತು.

ಅವಳು ಅದೇ ಮರದಿಂದ ನಾಲ್ಕು ಹಸಿ ಕಡ್ಡಿ ಕೊಯ್ದಳು. ಕಡಿದ ದಾರಿಗೆ ಸೇತುವೆಯಾಗುವಂತೆ ಪ್ರತಿಯೊಂದರ ಒಂದು ತುದಿಯನ್ನು ಗಾಯದ ಮೇಲಿನ ತೊಗಟೆಯೊಳಕ್ಕೆ, ಇನ್ನೊಂದನ್ನು ಕೆಳಗಿನ ತೊಗಟೆಯೊಳಕ್ಕೆ ತೂರಿಸಿದಳು. ಬಾಳೆನಾರಿನಿಂದ ಬಿಗಿದು ಮಣ್ಣು ಮೆತ್ತಿದಳು.

“ಹಿಡಿಯುತ್ತದೆಯೇ?” ಎಂದ ರೈತ. ಅವನ ದನಿ ಸಣ್ಣದಾಗಿತ್ತು.

“ಕೆಳಗೆ ಇನ್ನೂ ಜೀವವಿದ್ದರೆ.”

ಇಪ್ಪತ್ತು ದಿನ ಕಾದರು. ಒಂದೊಂದರದೇ ಮಣ್ಣು ಬಿಡಿಸುತ್ತ ನೋಡಿದರೆ ಮೂರು ಕಡ್ಡಿಗಳು ಒಣಗಿದ್ದವು. ನಾಲ್ಕನೆಯದರ ಮಣ್ಣು ಬಿಡಿಸಲು ಇಬ್ಬರಿಗೂ ಕೈ ಬರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಮರ ಉಳಿಯಿತೇ?” ಎಂದು ಶಿಷ್ಯ ಕೇಳಿದ.

“ಸಂಜೆಯಾಗಿದೆ, ನೀರು ಸೇದುವವರು ನಿನಗಾಗಿ ಇನ್ನೂ ಕಾಯುತ್ತಿದ್ದಾರೋ, ಎದ್ದು ಹೋದರೋ, ನೋಡಿ ಬಂದು ನೀನೇ ಹೇಳು.”