ಬುತ್ತಿ ಬಾಳವ್ವ ಹೊಳೆ ದಾಟಿದ್ದು

ಬಹಳ ಹಿಂದೆ, ಹೊಳೆಯ ದಂಡೆಗೆ ಒಂದು ಊರು, ಊರಿಗೊಂದು ಪಾಠಶಾಲೆ. ಹೊಳೆಯಾಚೆಯ ಹಳ್ಳಿಗಳ ಹುಡುಗರು ಅಲ್ಲಿದ್ದು ವೈದ್ಯ ಕಲಿಯುತ್ತಿದ್ದರು. ಅವರಿಗೆ ಮನೆಯ ರೊಟ್ಟಿ ಮುಟ್ಟಿಸುವವಳು ಅದೇ ಊರಿನ ಬಾಳವ್ವ. ಬೆಳಗಾದರೆ ಹೊಳೆ ದಾಟುವಳು, ಮನೆಮನೆಯ ಬುತ್ತಿ ತಲೆಯ ಮೇಲೆ ಹೊತ್ತು ತರುವಳು, ಬುತ್ತಿ ಕಟ್ಟಿದ ಬಟ್ಟೆಗಳನ್ನು ತೊಳೆದು ಮರುದಿನ ತಿರುಗಿ ಒಯ್ಯುವಳು. ಯಾವ ತಾಯಿ ಗಂಟು ಹೇಗೆ ಹಾಕುತ್ತಾಳೆ ಎಂಬುದು ಅವಳ ಬೆರಳಿಗೇ ಬಾಯಿಪಾಠವಾಗಿತ್ತಂತೆ.

ಒಂದು ವರ್ಷ ಹೊಳೆ ಉಕ್ಕಿತು. ಅಂಥ ನೀರು ಹಿಂದೆ ಬಂದಿರಲಿಲ್ಲ ಅಂತಾರೆ. ಅಂಬಿಗ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿದ. ಆಚೆಯ ಸುದ್ದಿಯಿಲ್ಲ, ಬುತ್ತಿಯಿಲ್ಲ. ಪಾಠಶಾಲೆಗೊಂದು ಕಟ್ಟಳೆಯಿತ್ತು: ಕಲಿಯುವವನು ಬೇಡಿ ಉಣ್ಣಬಾರದು. ಎರಡು ದಿನ ಹುಡುಗರು ನೀರು ಕುಡಿದು ಕೂತರು. ಮೂರನೆಯ ದಿನ ಹನ್ನೊಂದು ಮಂದಿಯೂ ಓಲೆಗರಿ ಕಟ್ಟಿಟ್ಟು, ಓದು ಸಾಕು, ಈಜಿಯಾದರೂ ಮನೆ ಸೇರುತ್ತೇವೆ ಅಂದರು.

ಬಾಳವ್ವನ ಮನೆಯಲ್ಲಿ ಹನ್ನೊಂದು ಬರಿಯ ಬಟ್ಟೆ ಒಣಗುತ್ತಿದ್ದವು. ಶಿವನ ಹೆಸರು ಹೇಳಿ ಅವನ್ನೇ ಹೆಗಲಿಗೆ ಹಾಕಿಕೊಂಡು ಓಣಿಗಿಳಿದಳು. ಮನೆಗೊಂದು ರೊಟ್ಟಿ ಹೆಚ್ಚು ಬಡಿಯಿರಿ ಅಂದಳು.

“ಏನಬೇ ಬಾಳವ್ವ, ಹೊರೂದು ಬಿಟ್ಟು ಬೇಡಾಕ ನಿಂತಿ?” ಅಂತ ಗಾಣಿಗರ ಸೊಸೆ ಕಿಚಾಯಿಸಿದಳಂತೆ.

“ಕಟ್ಟಳಿ ಇರೂದು ಕಲಿಯೋರಿಗೆ. ನಾ ಎಲ್ಲಿ ಕಲತೇನಿ? ಹಾಕಬೇ!”

ಓಣಿಯವರು ಕೊಟ್ಟ ರೊಟ್ಟಿ, ಚಟ್ನಿಪುಡಿ ಇಟ್ಟು, ಒಬ್ಬೊಬ್ಬ ಹುಡುಗನ ಬಟ್ಟೆಗೆ ಅವನವನ ತಾಯಿಯ ಗಂಟನ್ನೇ ಹಾಕಿ, ಪಾಠಶಾಲೆಗೆ ಒಯ್ದು “ಬುತ್ತಿ ಬಂತು” ಅಂದಳು. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಹುಡುಗರು ಗಂಟು ನೋಡಿದರು, ಹೊಳೆ ನೋಡಿದರು. ಬಾಳವ್ವ ನೀರ ಮೇಲೆ ನಡೆದಳು ಅನ್ನುವ ಮಾತು ಹುಟ್ಟಿದ್ದು ಆವತ್ತೇ ಅಂತಾರೆ.

ಅಡಿವೆಪ್ಪ ಎಂಬವನೊಬ್ಬ ಮಾತ್ರ ಬುತ್ತಿ ಬಿಚ್ಚಿ ರೊಟ್ಟಿಯ ಮೇಲಿನ ಚಟ್ನಿಪುಡಿ ನೆಕ್ಕಿ ನೋಡಿದ. ಬುತ್ತಿಯನ್ನು ಹಾಗೇ ಹಿಡಿದುಕೊಂಡು ಬಾಳವ್ವನ ಹಿಂದೆ ಬಂದ.

“ಆಯಿ, ಇದು ಗುರೆಳ್ಳು ಹಿಂಡಿ. ನಮ್ಮವ್ವ ಅಗಸಿ ಹಿಂಡಿ ಬಿಟ್ಟು ಬ್ಯಾರೆ ಕಟ್ಟಿದಾಕಿ ಅಲ್ಲ. ಖರೆ ಹೇಳು, ಆಕಿ ಅದಾಳೋ ಇಲ್ಲೋ?”

ಗಂಟೆಲ್ಲ ಬಲ್ಲ ಬಾಳವ್ವ ಹಿಂಡಿ ಮರೆತಿದ್ದಳು.

“ನನಗ ಗೊತ್ತಿಲ್ಲೋ ತಮ್ಮಾ,” ಅಂದಳು.

ಅವನು ಹೊಳೆಯ ಕಡೆ ತಿರುಗಿದ. ಅವಳು ತೋಳು ಹಿಡಿದಳು. “ಆಕಿ ಇದ್ದು, ನೀ ಮುಳುಗಿದರ? ಕೂಡು. ಮೊದಲ ಉಣ್ಣು.”

ಅಳುತ್ತಲೇ ಉಂಡ. ಉಳಿದ ಹತ್ತು ಮಂದಿಗೆ ಹೇಳಲಿಲ್ಲ. ಮರುದಿನದಿಂದ ಅವರ ಗಂಟುಗಳನ್ನು ಅವಳ ಜೊತೆ ಕೂತು ತಾನೂ ಬಿಗಿದ.

ಒಂಬತ್ತನೆಯ ದಿನ ನೀರು ಇಳಿಯಿತು. ಮೊದಲ ಹರಿಗೋಲು ಇನ್ನೂ ನಡುನೀರಲ್ಲಿರುವಾಗಲೇ ಅಗಸಿ ಹಿಂಡಿಯ ಘಮ ದಡ ಮುಟ್ಟಿತು ಅಂತಾರೆ. ಅಡಿವೆಪ್ಪ ಎದೆಮಟ್ಟ ನೀರಿಗೆ ಓಡಿದ. ಹಳ್ಳಿಗಳವರೆಲ್ಲ ಗುಡ್ಡ ಹತ್ತಿ ಉಳಿದಿದ್ದರು.

“ಒಂಬತ್ತು ದಿನಾ ಹಸದಿದ್ದೇನೋ ನನ್ನಪ್ಪಾ?” ಅಂತ ಹರಿಗೋಲಿನಿಂದ ಇಳಿದ ತಾಯಿ ಅವನ ಮೈ ಸವರಿದಳು.

ಅವನು ಬಾಳವ್ವನ ಕಡೆ ನೋಡಿದ. “ಇಲ್ಲಬೇ ಯವ್ವಾ. ನಿನ್ನ ಬುತ್ತಿ ದಿನಾ ಬರತಿತ್ತು.”

ಇಂದಿಗೂ ಆ ಊರಲ್ಲಿ ನೆರೆಯೋ ಬೇನೆಯೋ ಬಂದರೆ, ಮನೆಮನೆಯವರು ಪಾಠಶಾಲೆಯ ಕಟ್ಟೆಯ ಮೇಲೆ ಬುತ್ತಿ ಕಟ್ಟಿಟ್ಟು ಹಿಂದೆ ನೋಡದೆ ಬರುತ್ತಾರೆ. ಬುತ್ತಿಗೆ ಹೆಸರಿಲ್ಲ. ಎತ್ತಿಕೊಂಡವರನ್ನು ಯಾರೂ ಕೇಳುವುದಿಲ್ಲ. ಬುತ್ತಿ ಯಾರದು ಅಂತ ಹೊರಗಿನವರು ಕೇಳಿದರೆ ಊರವರದು ಒಂದೇ ಮಾತು: “ಬಾಳವ್ವ ಹೊಳೆ ದಾಟಿದಳು.”