ನೀಲಿ ಶಾಯಿಯ ರುಜು

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಕಣಗಿಲೆಪುರ ಅಂತ ಒಂದು ರಾಜ್ಯ ಇತ್ತು. ಅದನ್ನು ಆಳುತ್ತಿದ್ದವಳು ರಾಣಿ ಮುದ್ದಾಂಬೆ. ಒಳ್ಳೆಯ ಮನಸ್ಸಿನವಳು. ಅವಳಿಗೆ ಶಾಯಿ ಪೆನ್ನು ಅಂದರೆ ಪ್ರಾಣ. ಅವಳ ದಿವಾನ ಶೇಷಪ್ಪಯ್ಯ. ಮಾತು ಬೆಣ್ಣೆ, ಮನಸ್ಸು ಮಾತ್ರ ಬೇರೆ.

ಒಂದು ದಿನ ಶೇಷಪ್ಪಯ್ಯ ಪುಟ್ಟ ಗಾಜಿನ ಬಾಟಲಿ ತಂದ.

"ಹೊಸ ನೀಲಿ ಶಾಯಿ, ಅಮ್ಮಣ್ಣಿ. ಪೆನ್ನಿಗೆ ತುಂಬಿ ನೋಡಿ."

ಹೊಸ ಶಾಯಿ ಸಿಕ್ಕಿದರೆ ಯಾರಾದರೂ ಮೊದಲು ಏನು ಬರೀತಾರೆ ಹೇಳಿ? ತಮ್ಮ ಹೆಸರು. ರಾಣಿಯೂ ಅದನ್ನೇ ಮಾಡಿದಳು. ದಿವಾನ ಮುಂದಿಟ್ಟ ಖಾಲಿ ಹಾಳೆಯ ಕೆಳಗೆ ಸೊಗಸಾಗಿ ರುಜು ಹಾಕಿದಳು. ಬಣ್ಣ ನೋಡಿ ಕಣ್ಣು ತಂಪಾಯಿತು.

"ಸ್ವಲ್ಪ ತೆಳುವಾಯಿತು. ಸರಿಮಾಡಿಸಿ ತರ್ತೀನಿ," ಅಂತ ದಿವಾನ ಬಾಟಲಿ ತಗೊಂಡ. ಹಾಳೆಯನ್ನೂ ತಗೊಂಡ.

ಒಂದು ವಾರ ಕಳೆಯಿತು. ಕುರಿಗಾಹಿಗಳು ಅಳುತ್ತಾ ಬಂದರು. "ತಾಯಿ, ನಮ್ಮ ಹುಲ್ಲುಗಾವಲನ್ನು ದಿವಾನರಿಗೆ ಕೊಟ್ಟುಬಿಟ್ಟಿರಂತೆ. ಕುರಿಗಳನ್ನು ಎಲ್ಲಿ ಮೇಯಿಸೋದು?"

ರಾಣಿ ಗಾಬರಿಯಾಗಿ ಅಂದಳು, "ನಾನು ಕೊಟ್ಟಿಲ್ಲ."

ದಿವಾನ ಆಜ್ಞೆಯ ಹಾಳೆ ತೋರಿಸಿದ. ಕೆಳಗೆ ಅವಳದೇ ರುಜು.

"ಮರೆತಿರಬೇಕು ಅಮ್ಮಣ್ಣಿ," ಅಂದ ಅವನು ಮೆತ್ತಗೆ.

ಮತ್ತೆ ಬಾಟಲಿ ಬಂತು. ಮತ್ತೆ ರುಜು. "ಈಗ ಗಟ್ಟಿಯಾಯಿತು," ಅಂತ ದಿವಾನ ಮತ್ತೆ ಎರಡನ್ನೂ ತಗೊಂಡು ಹೋದ. ಈ ಸಲ ಕುಂಬಾರರು ಬಂದರು. ಮಡಕೆಗೆ ಮಣ್ಣು ತೆಗೆಯುವ ಕೆರೆಯಂಗಳವೂ ದಿವಾನನ ಪಾಲಾಗಿತ್ತು. ಮತ್ತೆ ಅವಳದೇ ರುಜು. ರಾಣಿಗೆ ತನ್ನ ಮೇಲೇ ಅನುಮಾನ ಬಂತು. ನನಗೆ ಬುದ್ಧಿ ಕೆಡುತ್ತಿದೆಯೇ? ಮಾಡಿದ್ದು ನನಗೇ ನೆನಪಿರದೆ ಹೋಗುತ್ತಿದೆಯೇ? ಊಟ ಸೇರಲಿಲ್ಲ. ಕನ್ನಡಿಯಲ್ಲಿ ತನ್ನ ಮುಖ ನೋಡಿದರೂ ಭಯ.

ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಸಾಕುತಾಯಿ ಕೆಂಪವ್ವ ದಿವಾನನ ಎದುರಿಗೇ ಅಂದಳು: "ನನ್ನ ಮಗಳಿಗೆ ಮರೆವಿಲ್ಲ. ಎಲ್ಲೋ ಮೋಸ ಇದೆ."

ಶೇಷಪ್ಪಯ್ಯ ನಕ್ಕ. ಮೂರನೆಯ ಸಲ ಬಾಟಲಿ ತಂದ. ಮೂರನೆಯ ಸಲ ರುಜು ಹಾಕಿಸಿಕೊಂಡ. "ತಳದಲ್ಲಿ ಚರಟ ನಿಂತಿದೆ," ಅಂತ ತಗೊಂಡು ಹೋದ.

ಮರುದಿನ ರಾಣಿ ಕೆಂಪವ್ವನನ್ನು ಕೂಗಿದಳು. ಉತ್ತರ ಇಲ್ಲ. ಕೋಣೆಯಲ್ಲಿ ಚಾಪೆ ಹಾಸಿದ ಹಾಗೇ ಇತ್ತು. ಕಾವಲಿನವನು ತಲೆ ತಗ್ಗಿಸಿ ಹಾಳೆಯೊಂದನ್ನು ಕೊಟ್ಟ. "ನಿಮ್ಮ ಅಪ್ಪಣೆಯಂತೆ ಗಡಿಪಾರು ಮಾಡಿದೆವು, ತಾಯಿ. ಆ ಅಜ್ಜಿ ದಾರಿಯುದ್ದಕ್ಕೂ ನಿಮ್ಮ ಹೆಸರೇ ಹೇಳುತ್ತಿತ್ತು."

ರಾಣಿ ಅಲ್ಲೇ ಕುಸಿದು ಕೂತಳು. ಅಳುವುದಕ್ಕೂ ಆಗಲಿಲ್ಲ. ತನ್ನ ತಾಯಿಯಂಥವಳನ್ನು ತನ್ನ ಹೆಸರೇ ಓಡಿಸಿತ್ತು. ಬಹಳ ಹೊತ್ತು ಆ ರುಜುವನ್ನೇ ದಿಟ್ಟಿಸಿದಳು. ಹಾಗೆ ನೋಡುತ್ತಾ ನೋಡುತ್ತಾ ಅವಳಿಗೆ ಬಣ್ಣ ಕಂಡಿತು. ನೀಲಿ.

ಅವಳ ಮೇಜಿನ ಮೇಲಿದ್ದದ್ದು ಕಪ್ಪು ಶಾಯಿ ಒಂದೇ. ನೀಲಿ ಬಾಟಲಿ ಒಂದು ದಿನವೂ ಅರಮನೆಯಲ್ಲಿ ಉಳಿದಿರಲಿಲ್ಲ. ಆ ಶಾಯಿಯಲ್ಲಿ ಅವಳು ರುಜು ಹಾಕಿದ್ದು ಬಣ್ಣ ನೋಡುವುದಕ್ಕೆ ಮಾತ್ರ, ಅದೂ ಖಾಲಿ ಹಾಳೆಯ ಮೇಲೆ.

ದಿವಾನನ ಆಟ ಅವಳಿಗೆ ಅರ್ಥವಾಯಿತು. ಆದರೆ ಯಾರಿಗೂ ಏನೂ ಹೇಳಲಿಲ್ಲ. ಕೆಂಪವ್ವನನ್ನು ಕರೆತರಲು ಕುದುರೆ ಕಳಿಸಿದಳು. ದಿವಾನನಿಗೆ, "ಶಾಯಿ ತಗೊಂಡು ಸಭೆಗೆ ಬನ್ನಿ," ಅಂತ ಹೇಳಿ ಕಳಿಸಿದಳು.

ಸಭೆ ತುಂಬಿತ್ತು. ಕುರಿಗಾಹಿಗಳು, ಕುಂಬಾರರು, ಕೆಂಪವ್ವ, ಎಲ್ಲರೂ ಇದ್ದರು.

"ದಿವಾನರೇ, ನನ್ನ ಕಣ್ಣಿಗೆ ಈಚೆಗೆ ಬಣ್ಣ ಸರಿಯಾಗಿ ತಿಳೀತಿಲ್ಲ. ನಿಮ್ಮ ರುಜು ಬಹಳ ಚೆನ್ನ. ಈ ಹಾಳೆಯ ಕೆಳಗೆ ನೀವೇ ಬರೆದು ತೋರಿಸಿ."

ಅಷ್ಟು ಜನರ ಎದುರು ಹೊಗಳಿದ್ದಕ್ಕೆ ಶೇಷಪ್ಪಯ್ಯ ಉಬ್ಬಿಹೋದ. ಸುರುಳಿ ಸುತ್ತಿ, ಬಾಲ ಎಳೆದು ರುಜು ಹಾಕಿದ. ರಾಣಿ ಹಾಳೆಯನ್ನು ತನ್ನತ್ತ ಎಳೆದುಕೊಂಡಳು. ಅದೇ ಪೆನ್ನಿನಲ್ಲಿ ಮೇಲ್ಗಡೆ ಬರೆದಳು. ಎದ್ದು ನಿಂತು ಗಟ್ಟಿಯಾಗಿ ಓದಿದಳು:

"ನನ್ನ ಮನೆ, ಹೊಲ ಎಲ್ಲವನ್ನೂ ಬಡವರಿಗೆ ಬಿಟ್ಟು, ಬರಿಗಾಲಲ್ಲಿ ಈ ರಾಜ್ಯ ಬಿಟ್ಟು ಹೋಗುತ್ತೇನೆ. ಇಂತಿ, ಶೇಷಪ್ಪಯ್ಯ."

ದಿವಾನ ಕೂಗಿದ: "ಇದು ಅನ್ಯಾಯ. ಅದನ್ನು ನಾನು ಬರೆದಿಲ್ಲ. ಶಾಯಿ ಹೇಗಿದೆ ಅಂತ ನೋಡೋಕೆ ಖಾಲಿ ಹಾಳೆ ಮೇಲೆ ರುಜು ಹಾಕಿದೆ, ಅಷ್ಟೇ."

ರಾಣಿ ಮೂರು ನೀಲಿ ಆಜ್ಞೆಗಳನ್ನು ಕೈಗೆತ್ತಿಕೊಂಡಳು.

"ಇನ್ನೊಂದು ಸಲ ಹೇಳಿ," ಅಂದಳು ರಾಣಿ. "ಕೆಂಪವ್ವನಿಗೆ ಕಿವಿ ಮಂದ."

ಶೇಷಪ್ಪಯ್ಯನಿಗೆ ಆಗ ಹೊಳೆಯಿತು. ತಾನು ಏನು ಒಪ್ಪಿಕೊಂಡೆ ಅಂತ. ರಾಣಿ ಮೂರು ನೀಲಿ ಆಜ್ಞೆಗಳನ್ನೂ ಎಲ್ಲರ ಎದುರು ಹರಿದಳು. ಹುಲ್ಲುಗಾವಲು ಕುರಿಗಾಹಿಗಳಿಗೆ, ಕೆರೆಯಂಗಳ ಕುಂಬಾರರಿಗೆ ಮರಳಿತು. ನಾಲ್ಕನೆಯ ಹಾಳೆಯನ್ನು ಮಾತ್ರ ಹರಿಯಲಿಲ್ಲ. ದಿವಾನ ಚಪ್ಪಲಿ ಬಿಟ್ಟು ಗಡಿಯ ಕಡೆ ನಡೆದ.

ರಾಣಿ ಕೆಂಪವ್ವನ ಕಾಲು ಹಿಡಿದಳು. ನಡೆದು ನಡೆದು ಆ ಪಾದಗಳಲ್ಲಿ ಬೊಬ್ಬೆ ಎದ್ದಿತ್ತು. "ಮೋಸ ಅವನದು, ಅವ್ವಾ. ಆದರೆ ರುಜು ನನ್ನದು," ಅಂದಳು.

ಕೆಂಪವ್ವ ಅವಳ ತಲೆ ಸವರಿದಳು.

ಇದರ ನೀತಿ ಇಷ್ಟು, ಮಕ್ಕಳೇ. ಪರರ ನಂಬಿಕೆಯನ್ನು ಬಲೆ ಮಾಡಿಕೊಂಡವನು ಒಂದು ದಿನ ಅದರಲ್ಲಿ ತಾನೇ ಬೀಳುತ್ತಾನೆ. ನೀವೂ ಅಷ್ಟೇ, ಶಾಯಿ ಎಷ್ಟೇ ಚೆನ್ನಾಗಿರಲಿ, ಖಾಲಿ ಹಾಳೆಗೆ ನಿಮ್ಮ ಹೆಸರು ಕೊಡಬೇಡಿ.