ಉಗುರುಗುಮ್ಮಟ

ಕರಡಿಹಾಳದ ಪೇಟೆ ಮುಗಿಯುವಲ್ಲಿ, ಮೂವತ್ತಾರು ಕರಿಕಲ್ಲಿನ ಮೆಟ್ಟಿಲುಗಳ ಮೇಲೆ, ಹಳೆಯ ಸಂಸ್ಥಾನದ ಪ್ರಜಾಸಭಾ ಭವನ ನಿಂತಿದೆ. ಮುಂಭಾಗದಲ್ಲಿ ಹನ್ನೆರಡು ಕಂಬಗಳು, ಎರಡು ಬದಿಗೂ ಕಚೇರಿಗಳ ಸಾಲುಕೋಣೆಗಳು, ನಡುವೆ ಸಭಾಂಗಣ, ಅದರ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಿದ ದೊಡ್ಡ ಗುಮ್ಮಟ. ಸರ್ಕಾರಿ ಕಾಗದಗಳಲ್ಲಿ ಹೆಸರು ಏನೇ ಇರಲಿ, ಊರವರ ಬಾಯಲ್ಲಿ ಅದು ಉಗುರುಗುಮ್ಮಟ. ನಡುಹಗಲಿನಲ್ಲೂ ಅದರ ಕೆಳಗೆ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಈಗಿರುವುದು ಎರಡನೆಯ ಗುಮ್ಮಟ. ಮೊದಲನೆಯದನ್ನು ಕಟ್ಟಿದವನು ಭರಮಪ್ಪನೆಂಬ ಹಿರಿಯ ಗೌಂಡಿ, ಅದಕ್ಕೆ ಗಾರೆ ಅರೆದವಳು ಅವನ ಹೆಂಡತಿ ಹುಲಿಗೆವ್ವ ಎನ್ನುತ್ತಾರೆ. ಗಾರೆ ಗಟ್ಟಿಯಾಗುವವರೆಗೆ ಒಳಗಿನ ಮರದ ಆಸರೆ ಗುಮ್ಮಟವನ್ನು ಹೊತ್ತಿರಬೇಕು. ಗಟ್ಟಿಯಾಯಿತೆಂದು ಹೇಳುವ ಹಕ್ಕು ಅರೆದವಳದು. ಅವಳು ಬಲಗೈ ಹೆಬ್ಬೆರಳಿನ ಉಗುರನ್ನು ಇಟ್ಟಿಗೆಯ ಸಂದಿಗೆ ಒತ್ತುವಳು. ಗುರುತು ಬಿದ್ದರೆ ಆಸರೆ ತೆಗೆಯುವಂತಿಲ್ಲ. ಬೀಳದಿದ್ದರೆ ತೆಗೆಯಬಹುದು, ಆದರೆ ಆಗ ಹಿರಿಯ ಗೌಂಡಿ ತಾನೇ ಕೆಳಗೆ ನಿಲ್ಲಬೇಕು. ಅದು ಅವರ ಕಸುಬಿನ ಕಟ್ಟಳೆ.

ಆ ಮೊದಲ ಗುಮ್ಮಟ ಕಟ್ಟಿ ಮುಗಿದ ವರ್ಷ, ಭಾದ್ರಪದದ ಒಂದು ಬುಧವಾರ ಬೆಳಿಗ್ಗೆ, ಹುಲಿಗೆವ್ವ ನಾಲ್ಕನೆಯ ಸಲ ಅಟ್ಟಣಿಗೆ ಹತ್ತಿದಳು. ನವರಾತ್ರಿಗೆ ಮೊದಲ ಸಭೆ ಎಂದು ದಿವಾನರು ಊರೂರಿಗೆ ಡಂಗುರ ಹೊಡೆಸಿದ್ದರು. ಮಳೆ ಮಾತ್ರ ಬಿಟ್ಟಿರಲಿಲ್ಲ. ಗೋಡೆಗಳ ಗಿಲಾವಿಗೆಂದು ಅವಳು ಒಂದು ತಿಂಗಳಿಂದ ಇಬ್ಬರು ಅರೆಯುವಷ್ಟು ಸುಣ್ಣವನ್ನು ಒಬ್ಬಳೇ ಅರೆದಿದ್ದಳು. ಹಿಂದಿನ ಮೂರು ಸಲವೂ ಅವಳು ಹೇಳಿದ್ದು ಒಂದೇ ಮಾತು, “ಹಸಿ ಐತಿ.”

“ಇಟ್ಟಂಗಿ ಎಲ್ಲಾ ಒಣಗಿದ್ರೂ ನಿನ್ನ ಬಾಯಿ ಮಾತ್ರ ಹಸಿ ಐತಲ್ಲಬೇ!” ಎಂದ ಓವರ್ಸಿಯರ್.

“ಸುಮ್ನಿರ್ರಿ ಸಾಹೇಬ್ರ,” ಎಂದು ಭರಮಪ್ಪ ನಕ್ಕ. “ಕೆಳಗ ನಿಲ್ಲಾವ ನಾನು. ನಮ್ಮಾಕಿ ಹೇಳೂತನಕ ಒಂದು ಬೆಣೆ ಮುಟ್ಟಂಗಿಲ್ಲ.”

ಅವಳು ಒತ್ತಿದಳು. ಗುರುತು ಬೀಳಲಿಲ್ಲ. ಇನ್ನೊಂದು ಸಂದಿಯಲ್ಲಿ ಒತ್ತಿದಳು. ಅಲ್ಲೂ ಬೀಳಲಿಲ್ಲ.

“ಗಟ್ಟಿ ಆಗೇತಿ.”

“ಖರೇನ?”

“ಖರೇನ. ಹೋಗ್ರಿ, ನಿಲ್ರಿ.”

ಭರಮಪ್ಪ ರುಮಾಲು ಬಿಚ್ಚಿ ಅವಳ ಕೈಗೆ ಕೊಟ್ಟು ಒಳಗೆ ಹೋದ. ಆಸರೆಯ ಬೆಣೆಗಳು ಒಂದೊಂದಾಗಿ ಕಳಚತೊಡಗಿದವು. ಬಾಗಿಲಲ್ಲಿ ನಿಂತ ಹುಲಿಗೆವ್ವ, ಸುಮ್ಮನಿರಲಾರದೆ, ರುಮಾಲಿನ ಅಂಚಿಗೆ ಅಂಟಿದ್ದ ಗಾರೆಯ ಹಕ್ಕಳೆಯನ್ನು ಅದೇ ಬಲಗೈ ಹೆಬ್ಬೆರಳಿನಿಂದ ಕೆರೆದಳು. ಹಕ್ಕಳೆ ಏಳಲಿಲ್ಲ, ಉಗುರು ನೆನೆದ ಕಾಗದದಂತೆ ಮಡಚಿಕೊಂಡಿತು. ಒಂದು ತಿಂಗಳ ಸುಣ್ಣ ಅದನ್ನು ತಿಂದುಹಾಕಿತ್ತು. ಬೆರಳ ತುದಿ ಮರಗಟ್ಟಿದ್ದರಿಂದ ಒತ್ತಿದಾಗ ಅವಳಿಗದು ತಿಳಿದಿರಲಿಲ್ಲ. “ನಿಲ್ಲಸ್ರೀ! ಹಸಿ ಐತೀ!” ಎಂದು ಕೂಗುತ್ತ ಅವಳು ಒಳಗೆ ನುಗ್ಗಹೋದಳು. ಆ ಹೊತ್ತಿಗೆ ಕೊನೆಯ ಬೆಣೆಯೂ ಕಳಚಿತ್ತು. ಭರಮಪ್ಪ ಒಮ್ಮೆ ಮೇಲೆ ನೋಡಿದ. ಆಮೇಲೆ ಅವಳ ಕಡೆಗೆ ಅಂಗೈ ಎತ್ತಿ, ಬರಬೇಡ ಎಂದು ಸನ್ನೆ ಮಾಡಿದ. ಅವಳು ಹೊಸ್ತಿಲಲ್ಲೇ ನಿಂತಳು. ಗುಮ್ಮಟ ಬಿದ್ದ ಸದ್ದು ಊರ ಕೋಟೆಯಾಚೆಗೂ ಕೇಳಿಸಿತೆನ್ನುತ್ತಾರೆ.

ಎರಡನೆಯ ಗುಮ್ಮಟಕ್ಕೆ ನಾಲ್ಕು ವರ್ಷ ಹಿಡಿಯಿತು. ಹುಲಿಗೆವ್ವ ಮತ್ತೆ ಸುಣ್ಣ ಮುಟ್ಟಲಿಲ್ಲ. ಆದರೆ ಇಟ್ಟಿಗೆಯ ಪ್ರತಿ ವರಸೆಯನ್ನೂ ಅವಳೇ ಒತ್ತಿ ನೋಡಿದಳು. ಅವಳು ಬೇಡವೆಂದ ದಿನ ಮೇಲೆ ಇಟ್ಟಿಗೆ ಏರಲಿಲ್ಲ; ದಿವಾನರೂ ಅವಸರ ಮಾಡಲಿಲ್ಲ. ಇಂದಿಗೂ ಸಭಾಂಗಣದ ಮೇಲಿನ ಸುತ್ತುಪಡಸಾಲೆಗೆ ಹತ್ತಿದವರಿಗೆ ಕಾವಲುಗಾರ ದೀಪ ಹಿಡಿದು ಗುಮ್ಮಟದ ಸಂದಿಗಳನ್ನು ತೋರಿಸುತ್ತಾನೆ. ಬಿದಿಗೆಯ ಚಂದ್ರನಂಥ ಸಣ್ಣ ಗುರುತುಗಳು ಸಾಲುಸಾಲಾಗಿವೆ. ಅವೆಲ್ಲವೂ ಎಡಗೈ ಹೆಬ್ಬೆರಳಿನವು.